ಊರಿನ ಮಕ್ಕಳ ಬ್ಯಾಲೆಗೆ ಮನೆಮಂದಿಯೆಲ್ಲ ಹೋಗುವುದಾದರೆ

ಮಾರ್ಚ್ ಬಂತೆಂದರೆ ಅಮೆರಿಕದ ಊರುಗಳ ಲೈಬ್ರರಿ ಬಾಗಿಲಲ್ಲಿ, ಕಾಫಿ ಅಂಗಡಿಯ ಗಾಜಿನ ಮೇಲೆ ಯೂತ್ ಬ್ಯಾಲೆ ಕಂಪನಿಯ ಪೋಸ್ಟರ್ ಅಂಟಿಕೊಂಡಿರುತ್ತದೆ. ಮಗಳ ಕ್ಲಾಸಿನ ಹುಡುಗಿಯೊಬ್ಬಳು ಅದರಲ್ಲಿ ಕುಣಿಯುತ್ತಿರುತ್ತಾಳೆ, ಇಲ್ಲವೇ ಆಫೀಸಿನಲ್ಲಿ ಯಾರೋ ಟಿಕೆಟ್ ತೆಗೆದುಕೊಳ್ಳಿ ಎಂದು ದುಂಬಾಲು ಬಿದ್ದಿರುತ್ತಾರೆ. ಭರತನಾಟ್ಯದ ರಂಗಪ್ರವೇಶಗಳಿಗೆ ಹೋಗಿ ರೂಢಿಯಾದ ನಮ್ಮ ಮನೆಗಳಿಗೆ ಇಲ್ಲಿನ ಪದ್ಧತಿ ಹೊಸದು. ರಂಗಪ್ರವೇಶಕ್ಕೆ ಟಿಕೆಟ್ ಇರುವುದಿಲ್ಲ, ನಡುವೆ ಎದ್ದು ಹೋಗಿ ಬಂದರೂ ಯಾರೂ ಏನೂ ಅನ್ನುವುದಿಲ್ಲ, ಪ್ರತಿ ನೃತ್ಯಕ್ಕೂ ಮುಂಚೆ ನಿರೂಪಕರು ಬಂದು ಕಥೆ ಹೇಳುತ್ತಾರೆ, ಕೊನೆಗೆ ಊಟ. ಬ್ಯಾಲೆಯಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುತ್ತದೆ, ದೀಪ ಆರುತ್ತದೆ, ಆಮೇಲೆ ಎರಡು ಗಂಟೆ ಒಂದು ಮಾತೂ ಇಲ್ಲ. ಮಕ್ಕಳು ಬೇಸರಪಟ್ಟು ಒದ್ದಾಡುವುದು ಸಾಮಾನ್ಯವಾಗಿ ವೇದಿಕೆಯ ಮೇಲೆ ಏನಾಗುತ್ತಿದೆ ಎಂದು ತಿಳಿಯದೆ. ಹಾಗಾಗಿ ಮುಖ್ಯ ಕೆಲಸವೆಲ್ಲ ಮನೆ ಬಿಡುವ ಮುಂಚೆಯೇ ಆಗಬೇಕು.

ಯಾವ ಶೋ, ಯಾವ ಹೊತ್ತು

ಪೋಸ್ಟರಿನಲ್ಲಿ 'ರಿಸೈಟಲ್' ಎಂದಿದ್ದರೆ ಅದು ಡ್ಯಾನ್ಸ್ ಸ್ಕೂಲಿನ ವಾರ್ಷಿಕೋತ್ಸವ. ಕಲಿಯುವ ಮಕ್ಕಳೆಲ್ಲ ಮೂರು ಮೂರು ನಿಮಿಷ ಬಂದು ಹೋಗುತ್ತಾರೆ. ಟ್ಯಾಪ್, ಜಾಝ್, ಹಿಪ್‌ಹಾಪ್ ಎಲ್ಲ ಇರುತ್ತದೆ. ನಿಮ್ಮ ಮಗುವೋ ನೆಂಟರ ಮಗುವೋ ಇದ್ದರೆ ಹೋಗಿ, ಇಲ್ಲದಿದ್ದರೆ ಮೂರು ಗಂಟೆ ಕೂರುವುದು ಕಷ್ಟ. ಯೂತ್ ಕಂಪನಿಯದು ಹಾಗಲ್ಲ. ಆಡಿಷನ್ ಮಾಡಿ ಆರಿಸಿದ, ಹೆಚ್ಚಾಗಿ ಹನ್ನೊಂದು ಹನ್ನೆರಡರಿಂದ ಹದಿನೆಂಟು ವಯಸ್ಸಿನ ಮಕ್ಕಳು ವಾರಕ್ಕೆ ನಾಲ್ಕೈದು ದಿನ ಅಭ್ಯಾಸ ಮಾಡಿ ಇಡೀ ಬ್ಯಾಲೆಯನ್ನು ಆಡುತ್ತಾರೆ. ಇಲಿ, ಹೂವು, ಹಳ್ಳಿಯ ಮಕ್ಕಳು ಇಂಥ ಪಾತ್ರಗಳಿಗೆ ಸ್ಕೂಲಿನ ಚಿಕ್ಕವರು ಬರುತ್ತಾರೆ.

ಡಿಸೆಂಬರಿನಲ್ಲಿ ಎಲ್ಲರೂ 'ನಟ್‌ಕ್ರ್ಯಾಕರ್' ಮಾಡುತ್ತಾರೆ. ವಸಂತಕ್ಕೆ ಎರಡು ಬಗೆ: 'ಕೊಪೇಲಿಯಾ', 'ಸಿಂಡರೆಲ್ಲಾ', 'ಸ್ಲೀಪಿಂಗ್ ಬ್ಯೂಟಿ'ಯಂಥ ಒಂದೇ ಪೂರ್ಣ ಕಥೆ, ಇಲ್ಲವೇ ಕಥೆಯಿಲ್ಲದ ಮೂರು ನಾಲ್ಕು ತುಂಡು ನೃತ್ಯಗಳ ಮಿಶ್ರ ಕಾರ್ಯಕ್ರಮ. ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಕಣ್ಣು ಮುಚ್ಚಿ ಕಥೆಯಿರುವುದನ್ನೇ ಆರಿಸಿ. ಅದರಲ್ಲೂ 'ಕೊಪೇಲಿಯಾ' ಸಿಕ್ಕರೆ ಬಿಡಬೇಡಿ. ಬೊಂಬೆ, ತಮಾಷೆ, ಕಳ್ಳತನದಿಂದ ಮನೆಗೆ ನುಗ್ಗುವುದು, ಕೊನೆಗೆ ಮದುವೆ, ಎಲ್ಲ ಅದರಲ್ಲಿದೆ. 'ಸ್ಲೀಪಿಂಗ್ ಬ್ಯೂಟಿ' ಪೂರ್ತಿ ಆಡಿದರೆ ಮೂರು ಗಂಟೆಯ ಹತ್ತಿರ ಹೋಗುತ್ತದೆ. ಬಹುತೇಕ ಯೂತ್ ಕಂಪನಿಗಳು ಕತ್ತರಿಸಿಯೋ, ಕೊನೆಯ ಮದುವೆಯ ಅಂಕ ಮಾತ್ರವೋ ಆಡುತ್ತವೆ. ಒಟ್ಟು ಎಷ್ಟು ಹೊತ್ತು, ಇಂಟರ್ವಲ್ ಎಷ್ಟು ಎಂದು ಟಿಕೆಟ್ ಪುಟದಲ್ಲಿ ನೋಡಿಕೊಳ್ಳಿ. ಕೆಲವು ಕಂಪನಿಗಳು ಚಿಕ್ಕ ಮಕ್ಕಳಿಗೆಂದೇ ಒಂದು ಗಂಟೆಯ, ಕಥೆ ಹೇಳುವವರಿರುವ ಶೋ ಇಟ್ಟಿರುತ್ತವೆ. ನಾಲ್ಕೈದು ವರ್ಷದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸದ್ದು, ಕತ್ತಲೆಗೆ ಬೆದರುವ ಮಕ್ಕಳಿಗಾಗಿ ದೀಪ ಪೂರ್ತಿ ಆರಿಸದೆ, ಸಂಗೀತದ ಸದ್ದು ತಗ್ಗಿಸಿ, ಎದ್ದು ಓಡಾಡಲೂ ಬಿಡುವ 'ಸೆನ್ಸರಿ ಫ್ರೆಂಡ್ಲಿ' ಶೋಗಳೂ ಅಲ್ಲಲ್ಲಿ ಇರುತ್ತವೆ.

ಶನಿವಾರ ರಾತ್ರಿ ಏಳಕ್ಕಿಂತ ಮಧ್ಯಾಹ್ನದ ಮ್ಯಾಟಿನಿ ಒಳ್ಳೆಯದು. ಏಳರ ಶೋ ಮುಗಿಯುವಾಗ ಚಿಕ್ಕವರು ನಿದ್ದೆಗೆಟ್ಟು ಕಿರಿಕಿರಿ ಶುರು ಮಾಡಿರುತ್ತಾರೆ. ಆದರೆ ಟಿಕೆಟ್ ಒತ್ತುವ ಮುಂಚೆ ಇನ್ನೊಂದು ವಿಚಾರಿಸಿ. ಈ ಕಂಪನಿಗಳಲ್ಲಿ ಒಂದೇ ಪಾತ್ರಕ್ಕೆ ಇಬ್ಬರು ಇರುವುದು ಮಾಮೂಲು: ಶನಿವಾರ ಒಬ್ಬಳು, ಭಾನುವಾರ ಇನ್ನೊಬ್ಬಳು. ಗೆಳತಿಯನ್ನು ನೋಡಲೆಂದೇ ಹೋಗಿ, ಅವಳು ಆ ದಿನ ಹಿಂದಿನ ಸಾಲಿನಲ್ಲಿ ಜೋಳದ ತೆನೆ ಹಿಡಿದು ನಿಂತಿರುವುದನ್ನು ನೋಡಿ ಬರುವಂತಾಗಬಾರದು. ಯಾವ ಶೋದಲ್ಲಿ ಯಾವ ಪಾತ್ರ ಎಂದು ಅವರ ಮನೆಯವರನ್ನೇ ಕೇಳಿ.

ಟಿಕೆಟ್ ಮತ್ತು ಸೀಟು

ಗೂಗಲ್‌ನಲ್ಲಿ ಥಿಯೇಟರ್ ಹೆಸರು ಹುಡುಕಿದರೆ ಮೇಲೆ ಬರುವುದು ಎಷ್ಟೋ ಸಲ ಮರುಮಾರಾಟದ ಸೈಟುಗಳು. ನೋಡಲು ಅಸಲಿಯಂತೆಯೇ ಇರುತ್ತವೆ, ಬೆಲೆ ಮಾತ್ರ ದುಪ್ಪಟ್ಟು. ಕಂಪನಿಯ ಸ್ವಂತ ಸೈಟಿಗೆ ಹೋಗಿ ಅಲ್ಲಿನ ಟಿಕೆಟ್ ಬಟನ್ ಒತ್ತಿ. ಆನ್‌ಲೈನಿನಲ್ಲಿ ಪ್ರತಿ ಟಿಕೆಟ್ಟಿಗೂ ಫೀ ಸೇರುತ್ತದೆ. ಥಿಯೇಟರಿನ ಟಿಕೆಟ್ ಕೌಂಟರಾದ ಬಾಕ್ಸ್ ಆಫೀಸಿಗೇ ಹೋಗಿ ಕೊಂಡರೆ ಆ ಖರ್ಚು ಸಾಮಾನ್ಯವಾಗಿ ಉಳಿಯುತ್ತದೆ. ಮಡಿಲಲ್ಲಿ ಕೂರುವ ಕೂಸಿಗೂ ಟಿಕೆಟ್ ಬೇಕು ಎನ್ನುವ ಥಿಯೇಟರುಗಳಿವೆ, ನಾಲ್ಕೋ ಐದೋ ವರ್ಷದೊಳಗಿನವರನ್ನು ಬಿಡುವುದೇ ಇಲ್ಲ ಎನ್ನುವವೂ ಇವೆ. ಬಾಗಿಲಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ, ಮೊದಲೇ ಓದಿಕೊಳ್ಳಿ. ಮೂರು ನಾಲ್ಕು ಮನೆಯವರು ಸೇರಿ ಹತ್ತು ಜನರಾದರೆ ಗುಂಪಿನ ರಿಯಾಯಿತಿ ಕೇಳಬಹುದು.

ಸೀಟಿನ ವಿಷಯದಲ್ಲಿ ಸಿನಿಮಾ, ಸಂಗೀತ ಕಚೇರಿಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದುಡ್ಡು ಕೊಟ್ಟು ಮೊದಲ ಸಾಲು ತೆಗೆದುಕೊಂಡವರಿಗೆ ಎಷ್ಟೋ ಸಲ ನರ್ತಕಿಯರ ಕಣಕಾಲಿನಿಂದ ಮೇಲೆ ಮಾತ್ರ ಕಾಣುತ್ತದೆ. ವೇದಿಕೆಯ ಅಂಚು ಪಾದಗಳನ್ನು ನುಂಗಿಬಿಡುತ್ತದೆ, ಬ್ಯಾಲೆಯ ಕಸುಬೆಲ್ಲ ಇರುವುದು ಪಾದಗಳಲ್ಲಿ. ಹೈಸ್ಕೂಲಿನ ಆಡಿಟೋರಿಯಂಗಳಲ್ಲಂತೂ ಮುಂದಿನ ಸಾಲುಗಳ ನೆಲ ಸಪಾಟಾಗಿರುವುದರಿಂದ ಇದು ಇನ್ನೂ ಹೆಚ್ಚು. ಆರನೆಯ ಸಾಲಿನಿಂದ ಹನ್ನೆರಡನೆಯದರವರೆಗೆ, ನಡುಭಾಗ ಆರಿಸಿ. ನೆಲ ಇಳಿಜಾರಾಗಿದ್ದರೆ ಇನ್ನೂ ಹಿಂದೆ ಕೂತರೂ ತೊಂದರೆಯಿಲ್ಲ. ಬಾಲ್ಕನಿ ಇದ್ದರೆ ಅದು ಅಗ್ಗವೂ ಹೌದು, ಚೆಂದವೂ ಹೌದು: ಇಪ್ಪತ್ತು ಜನ ಕರ್ಣರೇಖೆಯಲ್ಲಿ ಸಾಗುವುದು, ಒಂದು ವೃತ್ತ ಎರಡಾಗಿ ಬಿಡಿಸಿಕೊಳ್ಳುವುದು ಮೇಲಿನಿಂದಲೇ ಸರಿಯಾಗಿ ಕಾಣುವುದು. ಆದರೆ ಬಾಲ್ಕನಿಯ ಮೊದಲ ಸಾಲಿನಲ್ಲಿ ಚಿಕ್ಕ ಮಕ್ಕಳ ಕಣ್ಣಿನ ಮಟ್ಟಕ್ಕೇ ಕಂಬಿ ಅಡ್ಡ ಬರುತ್ತದೆ, ಎರಡು ಮೂರನೆಯ ಸಾಲು ನೋಡಿ. ತೀರಾ ಪಕ್ಕದ ಸೀಟುಗಳಿಂದ ವೇದಿಕೆಯ ಒಂದು ಮೂಲೆ ಪೂರ್ತಿ ಮರೆಯಾಗುತ್ತದೆ.

ಐದು ವರ್ಷದೊಳಗಿನ ಮಗುವಿದ್ದರೆ ಸಾಲಿನ ತುದಿ ಸೀಟು ನಿಮ್ಮದಾಗಿರಲಿ, ಎದ್ದು ಹೊರಗೆ ಹೋಗಬೇಕಾದೀತು. ಎತ್ತರಕ್ಕೆ ಕೂರಿಸುವ ಬೂಸ್ಟರ್ ಕುಶನ್‌ಗಳನ್ನು ಕೆಲವು ಥಿಯೇಟರುಗಳಲ್ಲಿ ಬಾಗಿಲ ಬಳಿ ಕೊಡುತ್ತಾರೆ. ಅವು ಬೇಗ ಖಾಲಿಯಾಗುತ್ತವೆ. ಊರಿನಿಂದ ಬಂದ ಅಜ್ಜಿಗೆ ಮಂಡಿ ನೋವಿದ್ದರೆ ಸೀಟ್ ಮ್ಯಾಪ್ ನಂಬದೆ ಬಾಕ್ಸ್ ಆಫೀಸಿಗೆ ಫೋನ್ ಮಾಡಿ, ಮೆಟ್ಟಿಲಿಲ್ಲದೆ ತಲುಪುವ ಸೀಟು ಯಾವುದು, ರೆಸ್ಟ್‌ರೂಂ ಅದೇ ಅಂತಸ್ತಿನಲ್ಲಿದೆಯೇ ಎಂದು ಕೇಳಿ.

ಹಿಂದಿನ ವಾರ: ಕಥೆ, ಸನ್ನೆ, ಸಂಗೀತ

ಕಥೆಯನ್ನು ಮಗುವಿಗೆ ಒಂದಲ್ಲ, ಎರಡು ಮೂರು ರಾತ್ರಿ ಹೇಳಿ. ಕೊನೆ ಮುಚ್ಚಿಡಬೇಕಿಲ್ಲ. ಪ್ರಹ್ಲಾದನ ಕಥೆ ಗೊತ್ತಿದ್ದೇ ಅಲ್ಲವೇ ಕಂಬ ಒಡೆಯುವುದನ್ನು ನೋಡಲು ಕೂರುವುದು? 'ಕೊಪೇಲಿಯಾ' ಹೇಳುವುದಾದರೆ ಹೀಗೆ. ಸ್ವಾನಿಲ್ಡಾ ಎಂಬ ಹಳ್ಳಿ ಹುಡುಗಿ, ಅವಳು ಮದುವೆಯಾಗಲಿರುವ ಫ್ರಾಂಜ್. ಎದುರು ಮನೆಯ ಮಹಡಿಯಲ್ಲಿ ದಿನವೂ ಪುಸ್ತಕ ಹಿಡಿದು ಕೂತಿರುವ ಚೆಲುವೆಯೊಬ್ಬಳಿಗೆ ಫ್ರಾಂಜ್ ಮರುಳಾಗುತ್ತಾನೆ. ಅವಳು ಮುದುಕ ಡಾಕ್ಟರ್ ಕೊಪೇಲಿಯಸ್ ಮಾಡಿದ ಬೊಂಬೆ ಎಂದು ಯಾರಿಗೂ ಗೊತ್ತಿಲ್ಲ. ಮುದುಕ ಬೀಳಿಸಿಕೊಂಡ ಬೀಗದ ಕೈ ಹಿಡಿದು ಸ್ವಾನಿಲ್ಡಾ ಗೆಳತಿಯರೊಂದಿಗೆ ಒಳಗೆ ನುಗ್ಗುತ್ತಾಳೆ, ಗುಟ್ಟು ತಿಳಿಯುತ್ತಾಳೆ, ತಾನೇ ಬೊಂಬೆಯ ಬಟ್ಟೆ ಹಾಕಿಕೊಂಡು ಮುದುಕನನ್ನು ಬೇಸ್ತು ಬೀಳಿಸುತ್ತಾಳೆ. ಎರಡನೆಯ ಅಂಕದಲ್ಲಿ ಅವಳು ಬೊಂಬೆಯ ಹಾಗೆ ಬಿಗಿಯಾಗಿ ಕೈಕಾಲು ಆಡಿಸುತ್ತಲೇ, ಮುದುಕ ಅತ್ತ ತಿರುಗಿದ ತಕ್ಷಣ ಮನುಷ್ಯಳಾಗುವುದನ್ನು ನೋಡಲು ಮಗುವಿಗೆ ಮೊದಲೇ ಹೇಳಿಟ್ಟರೆ ಆ ಇಪ್ಪತ್ತು ನಿಮಿಷ ಕಣ್ಣು ಮಿಟುಕಿಸುವುದಿಲ್ಲ. ಇದು 1870ರ ಮೇ 25ರಂದು ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂದಾಗ ಸ್ವಾನಿಲ್ಡಾ ಆಗಿದ್ದ ಜುಸೆಪ್ಪಿನಾ ಬೊಜ್ಜಾಕಿಗೆ ಹದಿನಾರು ವರ್ಷ. ಯೂತ್ ಕಂಪನಿಯ ಹುಡುಗಿಯರ ವಯಸ್ಸೇ.

ಮಾತಿನ ಬದಲು ಬ್ಯಾಲೆಯಲ್ಲಿ ಗೊತ್ತಾದ ಸನ್ನೆಗಳಿವೆ. ಅಭಿನಯ ಕಲಿಯುವ ಮಕ್ಕಳು ಇವನ್ನು ಹತ್ತು ನಿಮಿಷದಲ್ಲಿ ಹಿಡಿಯುತ್ತಾರೆ. ಎರಡು ಕೈಗಳನ್ನು ತಲೆಯ ಮೇಲೆ ಒಂದರ ಸುತ್ತ ಒಂದು ಸುತ್ತಿಸಿದರೆ 'ಕುಣಿಯೋಣ'. ಎರಡೂ ಅಂಗೈ ಎದೆಯ ಮೇಲೆ ಇಟ್ಟರೆ 'ಪ್ರೀತಿ'. ಬಲಗೈಯಿಂದ ಎಡಗೈಯ ಉಂಗುರ ಬೆರಳು ತೋರಿದರೆ 'ಮದುವೆ'. ಮುಖದ ಸುತ್ತ ಕೈ ಬಳಸಿದರೆ 'ಚೆಲುವೆ'. ಹಣೆಯ ಮೇಲೆ ಕಿರೀಟದ ಜಾಗ ಮುಟ್ಟಿದರೆ ರಾಜನೋ ರಾಣಿಯೋ. ಮುಷ್ಟಿ ಕಟ್ಟಿದ ಎರಡು ಕೈಗಳನ್ನು ಮಣಿಕಟ್ಟಿನಲ್ಲಿ ಅಡ್ಡವಾಗಿ ಸೇರಿಸಿ ಕೆಳಕ್ಕೆ ತಂದರೆ 'ಸಾವು'. 'ಸ್ಲೀಪಿಂಗ್ ಬ್ಯೂಟಿ'ಯ ಕೆಟ್ಟ ಕಿನ್ನರಿ ತೊಟ್ಟಿಲ ಮುಂದೆ ಮಾಡುವುದು ಇದೇ. ಊಟದ ಮೇಜಿನಲ್ಲಿ ಮಾತಾಡದೆ ಸನ್ನೆಯಲ್ಲೇ ಒಂದು ವಾಕ್ಯ ಹೇಳುವ ಆಟ ಆಡಿ. 'ಕೊಪೇಲಿಯಾ'ದ ಮೊದಲ ಅಂಕದಲ್ಲಿ ಸ್ವಾನಿಲ್ಡಾ ಗೋಧಿಯ ತೆನೆಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ: ಸದ್ದು ಕೇಳಿದರೆ ಫ್ರಾಂಜ್‌ನ ಪ್ರೀತಿ ನಿಜ, ಕೇಳದಿದ್ದರೆ ಸುಳ್ಳು. ಇದು ಗೊತ್ತಿಲ್ಲದವರಿಗೆ ಆ ಜಾಗದಲ್ಲಿ ಏನೂ ನಡೆಯುತ್ತಿಲ್ಲ ಎನಿಸುತ್ತದೆ.

ಸಂಗೀತವನ್ನು ಕಾರಿನಲ್ಲಿ ಹಾಕಿ. ಡೆಲೀಬ್‌ನ 'ಕೊಪೇಲಿಯಾ' ಆಗಲಿ ಚೈಕೋವ್ಸ್ಕಿಯ 'ಸ್ಲೀಪಿಂಗ್ ಬ್ಯೂಟಿ' ಆಗಲಿ ಯೂಟ್ಯೂಬಿನಲ್ಲಿ ಸಿಗುತ್ತದೆ. ಕೇಳಿದ ರಾಗ ವೇದಿಕೆಯಲ್ಲಿ ಬಂದಾಗ ಮಕ್ಕಳು ತಾವಾಗಿಯೇ ನೆಟ್ಟಗೆ ಕೂರುತ್ತಾರೆ. ಇಡೀ ವಿಡಿಯೋ ಮಾತ್ರ ತೋರಿಸಬೇಡಿ. ದೊಡ್ಡ ಕಂಪನಿಯ ವೃತ್ತಿಪರರನ್ನು ಕ್ಲೋಸಪ್ಪಿನಲ್ಲಿ ನೋಡಿದ ಕಣ್ಣಿಗೆ ಹದಿನೈದರ ಹುಡುಗಿ ಸಪ್ಪೆ ಕಾಣುತ್ತಾಳೆ, ಅದು ಅನ್ಯಾಯ.

ಬ್ಯಾಲೆ ನೋಡದ ಹಿರಿಯರಿಗೂ ಸ್ವಲ್ಪ ಹೇಳಿಡಿ. ಕಾಲು ಬರಿದಾಗಿ ಕಂಡರೂ ಪೂರ್ತಿ ಟೈಟ್ಸ್ ಇರುತ್ತದೆ, ಹುಡುಗ ಹುಡುಗಿಯ ಸೊಂಟ ಹಿಡಿದು ಎತ್ತುವುದು ಈ ನೃತ್ಯದ ವ್ಯಾಕರಣದ ಭಾಗ ಎಂದು ತಿಳಿದಿದ್ದರೆ ಮುಜುಗರವಾಗುವುದಿಲ್ಲ. ಮಿಶ್ರ ಕಾರ್ಯಕ್ರಮದಲ್ಲಿ 'ಲಾ ಬಯಾದೇರ್'ನ ತುಂಡೊಂದು ಇದ್ದರೆ ಅದನ್ನೂ ಮೊದಲೇ ಹೇಳುವುದು ಒಳ್ಳೆಯದು: 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಲ್ಪಿಸಿಕೊಂಡ ಭಾರತ ಅದು, ದೇವದಾಸಿಯ ಕಥೆ. ಹೆಜ್ಜೆಗಳಲ್ಲಿ ನಮ್ಮ ನೃತ್ಯವನ್ನು ಹುಡುಕಿದರೆ ಸಿಗುವುದಿಲ್ಲ.

ಆ ದಿನ

ಮಧ್ಯಾಹ್ನ ಎರಡಕ್ಕೆ ಶುರುವಾಗುವ ಮ್ಯಾಟಿನಿಗೆ ಹನ್ನೆರಡಕ್ಕೆ ಊಟ, ಒಂದೂಕಾಲಿಗೆ ಪಾರ್ಕಿಂಗ್ ಜಾಗದಲ್ಲಿರಬೇಕು. ಸಭಾಂಗಣದ ಬಾಗಿಲು ಸಾಮಾನ್ಯವಾಗಿ ಅರ್ಧ ಗಂಟೆ ಮುಂಚೆ ತೆರೆಯುತ್ತದೆ. ಶುರುವಾದ ಮೇಲೆ ಬಂದವರನ್ನು ಮುಂದಿನ ವಿರಾಮದ ಜಾಗ ಬರುವವರೆಗೆ ಲಾಬಿಯಲ್ಲೇ ನಿಲ್ಲಿಸುತ್ತಾರೆ. ಕೆಲವೊಮ್ಮೆ ಅದು ಹದಿನೈದು ನಿಮಿಷ, ಬಂದಾಗಲೂ ಕೂರಿಸುವುದು ಹಿಂದಿನ ಸಾಲಿನಲ್ಲಿ. ಮಾರ್ಚ್ ತಿಂಗಳ ಎರಡನೆಯ ಭಾನುವಾರದ ಶೋ ಆದರೆ ಎಚ್ಚರ: ಆ ದಿನ ಬೆಳಗಿನ ಜಾವ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಫೋನ್ ತಾನೇ ಸರಿಮಾಡಿಕೊಳ್ಳುತ್ತದೆ, ಒಲೆಯ ಮೇಲಿನ ಗಡಿಯಾರ ಮಾಡಿಕೊಳ್ಳುವುದಿಲ್ಲ. (ಅರಿಜೋನಾದ ಹೆಚ್ಚಿನ ಭಾಗಕ್ಕೂ ಹವಾಯಿಗೂ ಈ ಗೋಳಿಲ್ಲ.)

ಬಟ್ಟೆಗೆ ನಿಯಮವಿಲ್ಲ. ಜೀನ್ಸ್ ಹಾಕಿದವರೂ ಇರುತ್ತಾರೆ, ಅಜ್ಜಿ ರೇಷ್ಮೆ ಸೀರೆ ಉಟ್ಟರೂ ಚೆನ್ನಾಗಿಯೇ ಕಾಣುತ್ತದೆ. ಸದ್ದು ಮತ್ತು ಬೆಳಕು ಮಾಡುವುದನ್ನು ಮಾತ್ರ ಮನೆಯಲ್ಲಿ ಬಿಡಿ. ಪುಟ್ಟಿಯ ಕಾಲ್ಗೆಜ್ಜೆ, ಕೈತುಂಬ ಗಾಜಿನ ಬಳೆ ನಿಶ್ಶಬ್ದದಲ್ಲಿ ಐದು ಸಾಲಿನಾಚೆಗೂ ಕೇಳುತ್ತವೆ. ಹೆಜ್ಜೆಯಿಟ್ಟರೆ ಮಿನುಗುವ ಶೂ ಕತ್ತಲಲ್ಲಿ ಇಡೀ ಸಾಲಿಗೆ ಕಿರಿಕಿರಿ, ಮಗು ಕೂತಲ್ಲೇ ಕಾಲಾಡಿಸಿದರೂ ಅದು ಹೊತ್ತಿಕೊಳ್ಳುತ್ತದೆ. ಸ್ಮಾರ್ಟ್ ವಾಚಿಗೆ ಥಿಯೇಟರ್ ಮೋಡ್ ಹಾಕಿ. ಎಲ್ಲರಿಗೂ ಒಂದೊಂದು ಸ್ವೆಟರ್ ಇರಲಿ, ಹೊರಗೆ ಬಿಸಿಲಿದ್ದರೂ ಒಳಗೆ ಏಸಿ ಕೊರೆಯುತ್ತದೆ.

ಒಳಗೆ ತಿನ್ನಲು ಬಿಡುವುದಿಲ್ಲ, ಮುಚ್ಚಳವಿರುವ ನೀರಿನ ಬಾಟಲಿಗೆ ಸಾಮಾನ್ಯವಾಗಿ ತಕರಾರಿಲ್ಲ. ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಇಂಟರ್ವಲ್‌ನಲ್ಲಿ ಲಾಬಿಗೆ ಬಂದು ತಿನ್ನಲು ಏನಾದರೂ ಬ್ಯಾಗಿನಲ್ಲಿರಲಿ, ಆದರೆ ಶೇಂಗಾ ಚಿಕ್ಕಿ ಬೇಡ. ಅಲರ್ಜಿಯ ಮಕ್ಕಳು ಸುತ್ತಲೂ ಇರುತ್ತಾರೆ. ಲಾಬಿಯಲ್ಲಿ ಪೋಷಕರು ಕುಕೀಸ್, ಹೂವು ಮಾರುತ್ತಿರುತ್ತಾರೆ, ಕಂಪನಿಯ ಖರ್ಚಿಗೆ ಅದೂ ಒಂದು ಆದಾಯ. ಚಿಲ್ಲರೆ ಇಟ್ಟುಕೊಳ್ಳಿ. ಒಳಗೆ ಹೋಗುವ ಹತ್ತು ನಿಮಿಷ ಮುಂಚೆ ಮಕ್ಕಳನ್ನೆಲ್ಲ ರೆಸ್ಟ್‌ರೂಂಗೆ ಕರೆದೊಯ್ಯಿರಿ, ಬೇಡ ಎಂದವರನ್ನೂ. ಇಂಟರ್ವಲ್ ಹದಿನೈದು ಇಪ್ಪತ್ತು ನಿಮಿಷ, ಹೆಂಗಸರ ಸಾಲು ಅಷ್ಟರಲ್ಲಿ ಕರಗುವುದಿಲ್ಲ. ಹೈಸ್ಕೂಲ್ ಆದರೆ ಕಾರಿಡಾರಿನ ಆ ತುದಿಯಲ್ಲಿ ಇನ್ನೊಂದು ಇರುತ್ತದೆ, ಸೀಟು ತೋರಿಸುವ ಅಶರ್‌ನನ್ನು ಕೇಳಿ.

ದೀಪ ಆರಿದ ಮೇಲೆ

ದೀಪ ಮಂದವಾಗಿ ಸಂಗೀತ ಶುರುವಾದರೂ ಪರದೆ ಏಳದೆ ಕೆಲವು ನಿಮಿಷ ಹೋಗುತ್ತದೆ. ಇದು ಪೀಠಿಕೆಯ ಸಂಗೀತ, ಯಾವುದೂ ಕೆಟ್ಟಿಲ್ಲ ಎಂದು ಮಗುವಿಗೆ ಮೊದಲೇ ಹೇಳಿ. ಕನ್ನಡದಲ್ಲಿ ಪಿಸುಗುಟ್ಟಿದರೆ ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯ ನಮ್ಮವರಲ್ಲಿ ಬಹಳ. ಅರ್ಥವಾಗದಿದ್ದರೂ ಕೇಳಿಸುತ್ತದೆ. ಪ್ರಶ್ನೆ ಬಂದರೆ ಕಿವಿಯಲ್ಲಿ ಒಂದೇ ಮಾತು, ಉಳಿದದ್ದು ಇಂಟರ್ವಲ್‌ಗೆ.

ಫೋಟೋ, ವಿಡಿಯೋ ಬೇಡ ಎನ್ನುವುದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಸುತ್ತು ಹೊಡೆಯುವ ನರ್ತಕಿ ಎದುರಿನ ಒಂದು ಬಿಂದುವಿನ ಮೇಲೆ ಕಣ್ಣು ನೆಟ್ಟು, ದೇಹ ತಿರುಗಿದ ಮೇಲೆ ಕೊನೆಗೆ ತಲೆಯನ್ನು ಸರಕ್ಕನೆ ತಂದು ಮತ್ತೆ ಅದೇ ಬಿಂದುವಿಗೆ ನಿಲ್ಲಿಸುತ್ತಾಳೆ. ತಲೆ ಸುತ್ತದೆ ನಿಲ್ಲುವ ಉಪಾಯ ಇದೇ. ಆ ಕ್ಷಣಕ್ಕೆ ಫ್ಲ್ಯಾಷ್ ಬಿದ್ದರೆ ಬಿಂದು ತಪ್ಪಬಹುದು, ಅವಳು ಬೀಳಲೂಬಹುದು. ಜೊತೆಗೆ ಇವರು ಬೇರೆಯವರ ಮನೆಯ ಮಕ್ಕಳು, ಅವರ ಚಿತ್ರ ನಮ್ಮ ವಾಟ್ಸಾಪ್ ಗುಂಪಿಗೆ ಹೋಗಬಾರದು.

ಚಪ್ಪಾಳೆಯನ್ನು ಒಂಟಿ ನೃತ್ಯ ಮುಗಿದಾಗ ನಡುವೆಯೇ ತಟ್ಟಬಹುದು, ತಟ್ಟಬೇಕು. ದೊಡ್ಡ ಜೋಡಿ ನೃತ್ಯಕ್ಕೆ ಗೊತ್ತಾದ ಕ್ರಮವಿದೆ: ಇಬ್ಬರೂ ಸೇರಿ ನಿಧಾನಗತಿ, ಆಮೇಲೆ ಹುಡುಗನದೊಂದು, ಹುಡುಗಿಯದೊಂದು, ಕೊನೆಗೆ ಇಬ್ಬರೂ ಬಿರುಸಾಗಿ. ಪ್ರತಿಯೊಂದರ ಕೊನೆಗೂ ಅವರು ಮುಂದೆ ಬಂದು ವಂದಿಸುತ್ತಾರೆ, ಆಗ ಚಪ್ಪಾಳೆ. ತಾಳಕ್ಕೆ ಸರಿಯಾಗಿ ಉದ್ದಕ್ಕೂ ತಟ್ಟುತ್ತಾ ಹೋಗಬೇಡಿ. ಸಭೆಯ ತಾಳ ಸಂಗೀತಕ್ಕಿಂತ ಹಿಂದೆ ಬೀಳುತ್ತದೆ, ಲೆಕ್ಕ ಹಿಡಿದು ಕುಣಿಯುವ ಮಕ್ಕಳಿಗೆ ಅದು ಕಾಟ. ಹೆಸರು ಹಿಡಿದು ಕೂಗುವುದು, ಸಿಳ್ಳೆ ಹಾಕುವುದು ರಿಸೈಟಲ್‌ಗಿರಲಿ. ಯಾರಾದರೂ ಬಿದ್ದರೆ ಅಯ್ಯೋ ಎನ್ನದೆ ಸುಮ್ಮನಿರಿ. ಅವಳು ಎದ್ದು ಮುಂದಿನ ಲೆಕ್ಕಕ್ಕೆ ಸೇರಿಕೊಳ್ಳುವುದನ್ನು ನೋಡಿ, ಅದನ್ನೂ ಕಲಿಸಿರುತ್ತಾರೆ.

ಮಗುವಿಗೆ ನೋಡಲು ಕೆಲಸ ಕೊಡಿ. ಯಾರ ಕಾಲಲ್ಲಿ ಮೆತ್ತನೆಯ ಚಪ್ಪಲಿ, ಯಾರ ಕಾಲಲ್ಲಿ ತುದಿಗಾಲ ಪಾಯಿಂಟ್ ಶೂ? ಆ ಶೂವಿನ ಮೂತಿಯೊಳಗೆ ಮರವಿಲ್ಲ. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಒಣಗಿ ಗಟ್ಟಿಯಾಗಿರುತ್ತವೆ, ಮೇಲೆ ಸ್ಯಾಟಿನ್. ಹೊಸದಾದರೆ ನೆಲಕ್ಕೆ ಟಕ್ ಟಕ್ ಎನ್ನುತ್ತದೆ. ಹನ್ನೊಂದು ಹನ್ನೆರಡು ವಯಸ್ಸಿನ ಸುಮಾರಿಗೆ, ಕಣಕಾಲು ಬಲಿತ ಮೇಲೆಯೇ ಅದನ್ನು ಹಾಕಿಸುವುದರಿಂದ ಚಿಕ್ಕವರೆಲ್ಲ ಮೆತ್ತನೆಯದರಲ್ಲಿರುತ್ತಾರೆ. ಹುಡುಗರು ಕಡಿಮೆ ಇರುವುದು ಎಲ್ಲ ಕಡೆಯ ಕಥೆ. ನಾಯಕನಿಗೆ ಹೊರಗಿನ ವೃತ್ತಿಪರನನ್ನು ಕರೆಸಿರುತ್ತಾರೆ, ಹಳ್ಳಿ ಹುಡುಗರ ಪಾತ್ರಕ್ಕೆ ಹುಡುಗಿಯರೇ ಪ್ಯಾಂಟು ಹಾಕಿರುತ್ತಾರೆ.

ಮಗು ಅಳಲು ಶುರುಮಾಡಿದರೆ ಸಮಾಧಾನ ಮಾಡುತ್ತಾ ಕೂರದೆ ತಕ್ಷಣ ಎದ್ದು ಹೊರನಡೆಯಿರಿ. ಲಾಬಿಯಲ್ಲಿ ಟಿವಿ ಇದ್ದರೆ ಅಲ್ಲಿಂದಲೇ ನೋಡಬಹುದು. ನಾಲ್ಕು ವರ್ಷದ ಮಗು ಮೊದಲ ಅಂಕ ನೋಡಿದರೆ ಸಾಕು, ಇಂಟರ್ವಲ್‌ನಲ್ಲಿ ಮನೆಗೆ ಹೊರಟರೆ ಟಿಕೆಟ್ ದಂಡವಾಯಿತು ಎಂದು ಎಳೆದು ಕೂರಿಸಬೇಡಿ.

ಪರದೆ ಬಿದ್ದ ಮೇಲೆ

ಪಾರ್ಕಿಂಗ್ ಗಲಾಟೆಗೆ ಹೆದರಿ ವಂದನೆಯ ಹೊತ್ತಿಗೆ ಎದ್ದು ಓಡುವುದು ಕುಣಿದವರಿಗೆ ಮಾಡುವ ಅವಮಾನ. ಸಣ್ಣ ಪಾತ್ರದವರಿಂದ ಶುರುವಾಗಿ ಕೊನೆಗೆ ನಾಯಕಿಯವರೆಗೆ ಬಂದು ಬಾಗುತ್ತಾರೆ, ಐದು ನಿಮಿಷದ ಕೆಲಸ.

ಹೂವನ್ನು ವೇದಿಕೆಗೆ ಎಸೆಯುವುದಾಗಲಿ ಪರದೆಯ ಹಿಂದೆ ಹೋಗುವುದಾಗಲಿ ಬೇಡ, ಒಳಗೆ ಬಿಡುವುದು ಹೆಸರು ಬರೆಸಿದ ಸ್ವಯಂಸೇವಕರನ್ನು ಮಾತ್ರ. ನರ್ತಕರು ಲಾಬಿಗೆ ಬರಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಚಿಕ್ಕ ಗುಚ್ಛ ಸಾಕು. ಲಿಲ್ಲಿ ಇದ್ದರೆ ನಡುವಿನ ಕೇಸರಗಳನ್ನು ಮೊದಲೇ ಚಿವುಟಿ ತೆಗೆಯಿರಿ. ಆ ಕಂದು ಪುಡಿ ಬಿಳಿ ಬಟ್ಟೆಗೆ ತಗುಲಿದರೆ ಹೋಗುವುದಿಲ್ಲ, ವೇಷ ಸಾಮಾನ್ಯವಾಗಿ ಕಂಪನಿಯದು. ಮನೆಯ ಕೊಬ್ಬರಿ ಮಿಠಾಯಿ ಕೊಡುವ ಆಸೆಯಿದ್ದರೆ ಆ ಮಗುವಿನ ತಾಯಿಯ ಕೈಗೆ ಕೊಡಿ.

ಮಾತಾಡುವಾಗ ಒಂದೆರಡು ನಮ್ಮ ಅಭ್ಯಾಸಗಳನ್ನು ತಡೆಯಬೇಕು. 'ಎಷ್ಟು ಸಣ್ಣಗಾಗಿದ್ದೀಯಮ್ಮ' ಎಂಬುದು ಊರಿನಲ್ಲಿ ಅಕ್ಕರೆಯ ಮಾತಾಗಿರಬಹುದು. ದಿನವೂ ಕನ್ನಡಿಯ ಮುಂದೆ ನಿಲ್ಲುವ ಹದಿನಾಲ್ಕರ ಹುಡುಗಿಗೆ ಮೈಕಟ್ಟಿನ ಬಗ್ಗೆ ಹೊಗಳಿಕೆಯೂ ಬೇಡ, ತೆಗಳಿಕೆಯೂ ಬೇಡ. 'ನಿನ್ನನ್ನು ಯಾಕೆ ಹಿಂದೆ ನಿಲ್ಲಿಸಿದ್ದರು' ಎಂದಂತೂ ಕೇಳಲೇಬಾರದು. ನೋಡಿದ ಒಂದು ಜಾಗ ಹಿಡಿದು ಹೇಳಿ: ಮೊದಲ ಅಂಕದ ಕೊನೆಯಲ್ಲಿ ಬೀಗ ತೆಗೆಯುವಾಗ ಗೆಳತಿಯರೆಲ್ಲ ಒಬ್ಬರ ಹಿಂದೊಬ್ಬರು ಅವಿತುಕೊಂಡಿದ್ದು ಚೆನ್ನಾಗಿತ್ತು, ಹೀಗೆ.

ಮನೆಗೆ ಬಂದ ಮಗು ತಾನೂ ಕಲಿಯುತ್ತೇನೆ ಎಂದು ಹಟ ಹಿಡಿದರೆ ಕೂಡಲೇ ಟುಟು (ಬ್ಯಾಲೆಯ ನೆರಿಗೆ ಲಂಗ) ಕೊಳ್ಳಬೇಡಿ. ಹೆಚ್ಚಿನ ಸ್ಕೂಲುಗಳು ಒಂದು ಟ್ರಯಲ್ ಕ್ಲಾಸಿಗೆ ಬಿಡುತ್ತವೆ, ಮೈಗಂಟುವ ಟೀ ಶರ್ಟು, ಲೆಗ್ಗಿಂಗ್ಸ್ ಇದ್ದರೆ ಆ ದಿನಕ್ಕೆ ಸಾಕು. ಸೇರಿಸಿದ ಮೇಲೆ ಯಾವ ಬಣ್ಣದ ಲಿಯೊಟಾರ್ಡ್ (ಮೈಗಂಟುವ ಅಭ್ಯಾಸದ ಉಡುಪು), ಯಾವ ಶೂ ಎಂದು ಅವರೇ ಪಟ್ಟಿ ಕೊಡುತ್ತಾರೆ. ತರಗತಿಗೊಂದು ಬಣ್ಣ ಇರುವುದರಿಂದ ಮುಂಚೆ ತಂದದ್ದು ಬೀರುವಿನಲ್ಲೇ ಉಳಿಯುತ್ತದೆ.